ಕದಡಿದ ಮಣ್ಣು

ಫೆಬ್ರವರಿ 3, ಸೋಮವಾರ

ಮೂವತ್ತು ವರ್ಷ ನೀರು ಸರಬರಾಜು ಇಲಾಖೆಯಲ್ಲಿ ಓವರ್‌ಸಿಯರ್ ಆಗಿ ಮೈ ಮುರಿದು ದುಡಿದದ್ದಕ್ಕೆ ಸಿಕ್ಕ ಬಹುಮಾನ ನೋಡು: ನಿವೃತ್ತಿಗೆ ಇನ್ನು ಮೂರು ತಿಂಗಳು ಇರುವಾಗ ಒಂದು ಮಡಿಚುವ ಕುರ್ಚಿ, ಒಂದು ತಗಡಿನ ಶೆಡ್ಡು, ಎದುರಿಗೆ ಗೋಡೆಗೆ ಬಣ್ಣ ಬಳಿಯುವ ಕುಂಚ ಹಿಡಿದು ಮಣ್ಣು ಗುಡಿಸುವ ಹನ್ನೆರಡು ಜನ.

ವಿಷಯ ಇಷ್ಟೆ. ಪಂಪ್‌ಹೌಸ್ ಹಿಂದಿನ ಮೈದಾನದಲ್ಲಿ ನಮ್ಮವರು ಹೊಸ ನೀರಿನ ಟ್ಯಾಂಕಿಗೆ ಪಾಯ ತೆಗೆಯಲು ಹೋದರು. ಹಳೇ ಮಡಕೆ ಚೂರು ಸಿಕ್ಕವು. ಯಾರೋ ಪುಣ್ಯಾತ್ಮ ಪುರಾತತ್ವದವರಿಗೆ ಫೋನು ಮಾಡಿದ. ಕಾನೂನಿನ ಪ್ರಕಾರ ಅವರಿಗೆ ಒಂದು ತಿಂಗಳ ಗಡುವು. ಮಾರ್ಚ್ ನಾಲ್ಕಕ್ಕೆ ಸಮಿತಿ ಬಂದು ಜಾಗ ಅವರಿಗೋ ನಮಗೋ ಅಂತ ಹೇಳುತ್ತದೆ. ಅಲ್ಲಿಯವರೆಗೆ ಇಲಾಖೆ ಕಡೆಯಿಂದ ಒಬ್ಬ ಕಾವಲು ಕೂತಿರಬೇಕು.

"ನೀವೇ ಸರಿ, ಎಕ್ಸ್‌ರೇ" ಅಂದರು ಎಂಜಿನಿಯರ್ ಸಾಹೇಬರು. ನನಗಿಂತ ಹದಿನೆಂಟು ವರ್ಷ ಚಿಕ್ಕವರು. ಪೈಪಿನ ವ್ಯಾಸ ಕೇಳಿದರೆ ಫೋನು ತೆಗೆದು ನೋಡುತ್ತಾರೆ.

ಎಕ್ಸ್‌ರೇ ಅನ್ನುವುದು ಇಲಾಖೆ ನನಗಿಟ್ಟ ಹೆಸರು. ಈ ಬಡಾವಣೆಯಲ್ಲಿ ಪೈಪು ಸೋರಿದರೆ ನಾನು ನಕ್ಷೆ ನೋಡುವುದಿಲ್ಲ, ಸುಮ್ಮನೆ ಕಾಲು ತಟ್ಟಿ "ಇಲ್ಲಿ ಅಗೀರಿ" ಅನ್ನುತ್ತೇನೆ, ಅಲ್ಲೇ ಇರುತ್ತದೆ. ಹಾಗಾಗಿ.

ಇಡೀ ದಿನದಲ್ಲಿ ಅವರು ಅಗೆದದ್ದು ನಾಲ್ಕು ಬೆರಳು. ನಮ್ಮ ಗ್ಯಾಂಗಿನವರು ಇಷ್ಟು ಹೊತ್ತಿಗೆ ಅರ್ಧ ಮೈದಾನ ಎತ್ತಿಹಾಕಿ ಚಹಾ ಕುಡಿದು ಬಂದಿರುತ್ತಿದ್ದರು.

ಫೆಬ್ರವರಿ 5, ಬುಧವಾರ

ಇವರ ಮುಖ್ಯಸ್ಥೆಗೆ ಕುಂಚದಮ್ಮ ಅಂತ ಹೆಸರಿಟ್ಟಿದ್ದೇನೆ. ಮೂವತ್ತೈದು ದಾಟಿರಲಾರದು. ಅಗಲ ಅಂಚಿನ ಟೋಪಿ, ಮಂಡಿಗೆ ಕಟ್ಟಿಕೊಂಡ ರಬ್ಬರು ಚಿಪ್ಪು, ಬಾಯಲ್ಲಿ ಸದಾ ಒಂದು ಪೆನ್ಸಿಲು. ಇವತ್ತು ಬಂದು ಪಿನ್ನು ಹೊಡೆದ ಇಪ್ಪತ್ತೆರಡು ಪುಟದ ಪುಸ್ತಕ ಕೊಟ್ಟಳು. ಹೆಸರು "ಮೂಲ ಪದಗಳು". ಕೂಲಿಯವರಿಗೂ ಕೊಟ್ಟಿದ್ದಾಳೆ.

"ಸರ್, ಇದನ್ನ ಒಂದ್ಸಲ ಓದ್ಬಿಡಿ. ನಾವು ಏನು ಮಾತಾಡ್ತೀವಿ ಅಂತ ನಿಮಗೂ ಗೊತ್ತಾಗುತ್ತೆ."

"ಮಣ್ಣಿಗೂ ಪಠ್ಯಪುಸ್ತಕ ಇದೆಯಾ ಮೇಡಂ?" ಅಂದೆ.

"ಮಣ್ಣೇ ಪಠ್ಯ ಸರ್" ಅಂದಳು. ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡು ಬಂದಿರಬೇಕು.

ಮಾಡುವುದಕ್ಕೆ ಬೇರೆ ಕೆಲಸವಿಲ್ಲ, ಓದಿದೆ. ಮನುಷ್ಯ ಮಾಡಿದ ವಸ್ತು ಎತ್ತಿಕೊಂಡು ಹೋಗುವಂಥದ್ದಾದರೆ ಅದಕ್ಕೊಂದು ಹೆಸರು. ಒಲೆ, ಗುಂಡಿ, ಗೋಡೆ ಹೀಗೆ ಎತ್ತಲಾಗದ್ದಾದರೆ ಇನ್ನೊಂದು ಹೆಸರು. ಈ ಲೆಕ್ಕದಲ್ಲಿ ನಾನು ಮೊದಲನೇ ಜಾತಿ, ಸಾಹೇಬರು ಎತ್ತಿ ತಂದು ಇಲ್ಲಿಟ್ಟಿದ್ದಾರೆ. ಆಮೇಲೆ ಪದರ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಇದಕ್ಕೆ ಕಾಲೇಜು ಬೇಕೆ? ನಮ್ಮ ಕಚೇರಿಯ ಯಾವ ಮೇಜಿನ ಮೇಲಿನ ಫೈಲು ರಾಶಿ ನೋಡಿದರೂ ತಿಳಿಯುತ್ತದೆ.

ಎಲ್ಲಕ್ಕಿಂತ ನಗು ಬಂದದ್ದು "ಸಂದರ್ಭ" ಅನ್ನುವುದಕ್ಕೆ. ಒಂದು ಚೂರು ಯಾವ ಪದರದಲ್ಲಿ, ಯಾವುದರ ಪಕ್ಕ, ಎಷ್ಟು ಆಳದಲ್ಲಿ ಸಿಕ್ಕಿತು ಅನ್ನುವುದೇ ಅದರ ಸಂದರ್ಭವಂತೆ. ಅದು ತಪ್ಪಿಹೋದರೆ ಚಿನ್ನದ ಬಟ್ಟಲಿಗೂ ಬೆಲೆ ಇಲ್ಲವಂತೆ. ಹೈಸ್ಕೂಲಿನಲ್ಲಿ "ಸಂದರ್ಭಸಹಿತ ವಿವರಿಸಿ" ಅಂತ ನಾಲ್ಕು ಅಂಕಕ್ಕೆ ಕೊಡುತ್ತಿದ್ದರು. ಅದರಿಂದ ತಪ್ಪಿಸಿಕೊಳ್ಳುವುದಕ್ಕೇ ನಾನು ಡಿಪ್ಲೊಮಾ ಸೇರಿದ್ದು. ಅರವತ್ತಕ್ಕೆ ಬಂದು ಮತ್ತೆ ಕೊರಳಿಗೆ ಬಿತ್ತು.

ಫೆಬ್ರವರಿ 11, ಮಂಗಳವಾರ

ಮಡಕೆ ಚೂರು, ಮಡಕೆ ಚೂರು, ಮಡಕೆ ಚೂರು. ತೊಳೆದು ಒಣಗಿಸಿ ಒಂದೊಂದಕ್ಕೂ ನಂಬರು ಬರೆಯುತ್ತಾರೆ. ನಮ್ಮ ಇಲಾಖೆಯಲ್ಲಿ ಮನುಷ್ಯರಿಗೂ ಇಷ್ಟು ನಂಬರಿಲ್ಲ.

ಟ್ರೆಂಚಿನ ಗೋಡೆಯ ಚಿತ್ರ ಬರೆಯಲು ಅಡ್ಡ ದಾರ ಕಟ್ಟಿದ್ದರು. ಅಲ್ಲಿಂದ ಅಳತೆ ತೆಗೆಯುವುದು. ದಾರ ಒಂದು ಕಡೆ ಎರಡು ಬೆರಳು ಇಳಿದಿತ್ತು. ಬೆಳಿಗ್ಗೆಯಿಂದ ನೋಡಿದೆ, ಯಾರಿಗೂ ಕಣ್ಣಿಲ್ಲ. ಕೊನೆಗೆ ತಡೆಯಲಾರದೆ ಇಳಿದುಹೋಗಿ ಮೊಳೆ ಕಿತ್ತು ಸರಿಯಾಗಿ ಹೊಡೆದುಕೊಟ್ಟೆ. ಅವರಿಗೆ ಸಹಾಯ ಮಾಡಬೇಕು ಅಂತಲ್ಲ. ಓರೆ ದಾರವನ್ನು ಎದುರಿಗಿಟ್ಟುಕೊಂಡು ಊಟದ ಡಬ್ಬಿ ಬಿಚ್ಚುವುದು ಹೇಗೆ?

ಫೆಬ್ರವರಿ 14, ಶುಕ್ರವಾರ

ಹಾರೆ ಮೇಸ್ತ್ರಿ ಬಂದಿದ್ದಾನೆ. ನಮ್ಮ ಗ್ಯಾಂಗಿನಲ್ಲೇ ಇದ್ದವನು. ವಯಸ್ಸಾಗಿ ಬಿಟ್ಟ ಮೇಲೆ ಕರೆದಲ್ಲಿ ಕೂಲಿಗೆ ಹೋಗುತ್ತಾನೆ. ನನ್ನನ್ನು ನೋಡಿ ಹಲ್ಲು ಬಿಟ್ಟ. "ಏನ್ ಸಾರ್, ನೀವೂ ಇಲ್ಲೇ! ಮತ್ತೆ ಅದೇ ಮೈದಾನ!" ನಾನು ನಗಲಿಲ್ಲ.

ಈಶಾನ್ಯ ಮೂಲೆಯಲ್ಲಿ ಅವನಿಂದಲೇ ಒಂದು ಸಣ್ಣ ಟ್ರೆಂಚು ತೆಗೆಸಿದರು. ಗೋಡೆಯಲ್ಲಿ ಪದರಗಳು ಸಾಲಾಗಿ ಬಂದು ಒಂದು ಕಡೆ ತಟ್ಟನೆ ನಿಂತವು. ಅಲ್ಲಿಂದಾಚೆ ಬೇರೆಯೇ ಮಣ್ಣು. ಜಲ್ಲಿ, ಬೂದಿ, ಕೆಂಪು, ಕಪ್ಪು ಎಲ್ಲ ಕಲಸಿ ಹಾಕಿದ್ದು.

"ನೋಡಿ ಸರ್" ಅಂದಳು ಕುಂಚದಮ್ಮ. ಕರಣೆಯ ತುದಿಯಿಂದ ಆ ಗೆರೆ ತೋರಿಸಿದಳು. "ಯಾರೋ ಮೇಲಿಂದ ಕಡಿದು ಗುಂಡಿ ತೋಡಿದಾರೆ, ಆಮೇಲೆ ಸಿಕ್ಕಿದ್ದನ್ನ ತುಂಬಿದಾರೆ. ಇದಕ್ಕೇ ಕದಡಿದ ಮಣ್ಣು ಅನ್ನೋದು. ಇದರಲ್ಲಿ ಏನು ಸಿಕ್ಕಿದ್ರೂ ಅದು ಎಲ್ಲಿಂದ ಬಂತು ಅಂತ ಹೇಳೋಕಾಗಲ್ಲ. ಈ ಪಕ್ಕದ್ದು ನೋಡಿ, ಹಾಸಿದ ಹಾಗಿದೆ. ಕೈ ಬಿದ್ದಿಲ್ಲ."

"ಗುಂಡಿ ಎಷ್ಟು ಹಳೇದು?"

"ಒಳಗಿರೋದರಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ, ಅದಕ್ಕಿಂತ ಗುಂಡಿ ಹಳೇದಾಗೋಕೆ ಸಾಧ್ಯ ಇಲ್ಲ."

ಸಂಜೆಗೆ ಗುಂಡಿಯೊಳಗಿನ ಹೊಸದು ಸಿಕ್ಕಿತು. ಒಂದು ಹವಾಯಿ ಚಪ್ಪಲಿಯ ಪಟ್ಟಿ. ಅದರ ಕೆಳಗೆ ನಮ್ಮದೇ ಬೀಡುಕಬ್ಬಿಣದ ಪೈಪು, ಒಂದು ಮೀಟರಿನಷ್ಟು ಬೆನ್ನು ಕಾಣುವಂತೆ. ಕೂಲಿಯವರೆಲ್ಲ ಗೊಳ್ಳೆಂದು ನಕ್ಕರು. ಅವಳು ಮಾತ್ರ ಗಂಭೀರವಾಗಿ ಚಪ್ಪಲಿಯ ಪಟ್ಟಿಗೂ ನಂಬರು ಬರೆದಳು.

"ಪೈಪು ಯಾವಾಗಿನದು ಸರ್, ಗೊತ್ತಾ?"

"ಇಪ್ಪತ್ತೇಳು ವರ್ಷ" ಅಂದೆ. ಅಷ್ಟಕ್ಕೇ ನಿಲ್ಲಿಸಿದೆ.

ಫೆಬ್ರವರಿ 19, ಬುಧವಾರ

ಮೈದಾನದ ನಡುವಿನ ಟ್ರೆಂಚಿನಲ್ಲಿ ಇಟ್ಟಿಗೆ ನೆಲದ ಒಂದು ಮೂಲೆ ಎದ್ದಿದೆ. ಎರಡು ಚಾಪೆಯಷ್ಟು. ಅದರ ಮೇಲೆ ಬೂದಿ, ಬೂದಿಯ ಮೇಲೆ ಬಿದ್ದ ಹೆಂಚು, ಬಿದ್ದದ್ದು ಬಿದ್ದ ಹಾಗೇ. ಪುಸ್ತಕದ ಏಳನೇ ಪುಟದಲ್ಲಿ ಇದಕ್ಕೆ "ಇದ್ದಲ್ಲೇ ಇದ್ದದ್ದು" ಅಂತ ಹಾಕಿದ್ದಾರೆ. ಹತ್ತು ವರ್ಷ ಓದಿ ಕಂಡುಹಿಡಿದ ಪದ! ಎಲ್ಲರೂ ಹಬ್ಬಕ್ಕೆ ಬಂದವರ ಹಾಗೆ ಕುಣಿದಾಡಿದರು. ಒಂದು ನೆಲಕ್ಕೆ.

ಕುಂಚದಮ್ಮ ಕಣ್ಣೊರೆಸಿಕೊಂಡಳು. ಧೂಳು ಅಂದಳು. ನಾಟಕ.

ಮನೆಯಲ್ಲಿ ಊಟಕ್ಕೆ ಕೂತಾಗ ನನ್ನವಳು ಕೇಳಿದಳು, "ಏನ್ರೀ, ಇಷ್ಟು ದಿನ ಬಂದ ತಕ್ಷಣ ಅವರನ್ನ ಬೈಯೋಕೆ ಶುರು ಮಾಡ್ತಿದ್ರಿ. ಇವತ್ತು ಬಾಯಿಗೆ ಬೀಗ?" ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತು ಮೂವತ್ತೈದು ವರ್ಷ ಜನರ ಮುಖ ಓದಿದವಳು. ಇಂಥವಳ ಎದುರು ಊಟ ಮಾಡುವುದೂ ಕಷ್ಟ.

ಫೆಬ್ರವರಿ 25, ಮಂಗಳವಾರ

ಸಾಹೇಬರು ಜೀಪಿನಲ್ಲಿ ಬಂದರು. ಕೈಯಲ್ಲಿ ಸುತ್ತಿದ ಒಂದು ನಕ್ಷೆ. ದೂರದಿಂದಲೇ ಗುರುತು ಸಿಕ್ಕಿತು. ಅಂಚಿಗೆ ನೀಲಿ ಬಟ್ಟೆ ಹೊಲಿದ ಹಳೇ ನಕ್ಷೆಗಳು ನಮ್ಮಲ್ಲಿ ಈಗ ಹತ್ತೂ ಉಳಿದಿಲ್ಲ.

ಜೀಪಿನ ಬಾನೆಟ್ ಮೇಲೆ ಹರಡಿದರು. ಈಶಾನ್ಯ ಮೂಲೆಯಿಂದ ನೈರುತ್ಯದವರೆಗೆ ಮೈದಾನವನ್ನು ಸೀಳಿಕೊಂಡು ಹೋಗುವ ಕೆಂಪು ಗೆರೆ, ನಮ್ಮ ಮುಖ್ಯ ಪೈಪು. ಕೆಳಗೆ "ಕೆಲಸ ನಕ್ಷೆಯಂತೆ ಪೂರ್ಣಗೊಂಡಿದೆ" ಅಂತ ಬರಹ. ಅದರ ಕೆಳಗೆ ನನ್ನ ಸಹಿ.

"ನೋಡಿ ಮೇಡಂ" ಅಂದರು ಸಾಹೇಬರು. "ಇಡೀ ಮೈದಾನದ ನಟ್ಟನಡುವೆ ನಾವು ಆಗಲೇ ಅಗೆದಿದೀವಿ. ಎಂಟಡಿ ಅಗಲ, ಆರಡಿ ಆಳ. ನಿಮ್ಮ ಭಾಷೇಲೇ ಹೇಳ್ತೀನಿ, ಇದು ಕದಡಿದ ಮಣ್ಣು. ಏನೋ ಒಂದು ತುಂಡು ನೆಲ ಉಳಿದಿದೆ, ಫೋಟೊ ತಕ್ಕೊಂಡು ಹೊರಡಿ."

ಅವಳ ಮುಖ ಸುಟ್ಟ ಹಪ್ಪಳದ ಹಾಗಾಯಿತು. "ಅದು ಹೇಗೆ ಸಾಧ್ಯ? ನೆಲ ಆ ಗೆರೆಯ ಕಡೆಗೇ ಹೋಗ್ತಿದೆ. ಗೆರೆ ಇರೋ ಜಾಗದಲ್ಲಿ ಒಂದು ಟ್ರೆಂಚ್ ತೆಗೆದು ನೋಡೋಕೆ ಬಿಡಿ."

"ಅದು ನೀರು ಹರಿಯೋ ಮೇನ್ ಲೈನು. ಅದರ ಮೇಲೆ ಅಗೆಯೋಕೆ ಅನುಮತಿ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಏನ್ ಎಕ್ಸ್‌ರೇ, ನೀವೇ ಹಾಕಿಸಿದ್ದಲ್ವಾ?"

"ನನ್ನದೇ ಸಹಿ" ಅಂದೆ.

ಫೆಬ್ರವರಿ 26, ಬುಧವಾರ

ಬರೆದೇ ಬಿಡುತ್ತೇನೆ. ಯಾರು ಓದುತ್ತಾರೆ.

ಪೈಪು ಅಲ್ಲಿಲ್ಲ. ಮೂಲೆಯಿಂದ ಹನ್ನೆರಡು ಅಡಿ ಒಳಗೆ ಬಂದಾಗ ಹಾರೆಗೆ ಇಟ್ಟಿಗೆ ಸಿಕ್ಕಿತು. ಒಂದು ಎರಡಲ್ಲ, ಹಾಸು. ಮೇಸ್ತ್ರಿ ಎರಡು ಏಟು ಹಾಕಿ ನಿಲ್ಲಿಸಿ, "ಸಾರ್, ಇದು ಯಾರದೋ ಮನೆ" ಅಂದ. ನಾನಾಗ ಮೂವತ್ಮೂರರವನು, ಹೊಸಬ, ವಾರದೊಳಗೆ ನೀರು ಬಿಡಬೇಕು ಅಂತ ಮೇಲಿನವರು ಕುತ್ತಿಗೆ ಮೇಲೆ ಕೂತಿದ್ದರು. ವರದಿ ಮಾಡಿದರೆ ಕೆಲಸ ನಿಲ್ಲುತ್ತಿತ್ತು. ಇಟ್ಟಿಗೆ ಒಡೆಯುವುದಕ್ಕೆ ಮನಸ್ಸು ಬರಲಿಲ್ಲ, ಅಥವಾ ಒಡೆಯುವುದಕ್ಕೆ ಸಮಯ ಇರಲಿಲ್ಲ. ಯಾವುದು ನಿಜವೋ ಈಗ ನನಗೇ ಗೊತ್ತಿಲ್ಲ. ಆ ಹನ್ನೆರಡು ಅಡಿ ಮಣ್ಣು ಮುಚ್ಚಿಸಿ, ಮೂಲೆಯಿಂದಲೇ ಪೈಪನ್ನು ಪೂರ್ವದ ಬೇಲಿಗುಂಟ ತಿರುಗಿಸಿ, ಮೂರು ಕಡೆ ಬಾಗು ಕೊಟ್ಟು ಸುತ್ತಿಸಿಕೊಂಡು ಹೋದೆ. ನಕ್ಷೆ ತಿದ್ದಬೇಕಾದರೆ ಯಾಕೆ ತಿರುಗಿಸಿದೆ ಅಂತ ಬರೆಯಬೇಕು. ತಿದ್ದಲಿಲ್ಲ. ಸಹಿ ಹಾಕಿದೆ.

ಆಮೇಲೆ ಸೋರಿದಾಗಲೆಲ್ಲ ಹುಡುಗರು ನಕ್ಷೆ ಹಿಡಿದು ಬರೀ ಮಣ್ಣು ಅಗೆಯಲು ಹೊರಡುತ್ತಿದ್ದರು. ನಾನು ಹೋಗಿ ಕಾಲು ತಟ್ಟಿ ಜಾಗ ತೋರಿಸುತ್ತಿದ್ದೆ. ಎಕ್ಸ್‌ರೇ! ಎಕ್ಸ್‌ರೇ! ನಾಚಿಕೆಗೆಟ್ಟವನು, ಇಪ್ಪತ್ತೇಳು ವರ್ಷ ಆ ಹೆಸರಿಗೆ ಮೀಸೆ ತಿರುವಿದೆ.

ಈಗ ಹೇಳಿದರೆ ಸುಳ್ಳು ನಕ್ಷೆಗೆ ವಿಚಾರಣೆ, ನಿವೃತ್ತಿಯ ದಿನ ಹಾರದ ಬದಲು ನೋಟೀಸು. ಯಾರಿಗೋಸ್ಕರ? ಕುಂಚದ ಗುಂಪಿಗೋಸ್ಕರವೇ? ನನಗೇನು ತಲೆ ಕೆಟ್ಟಿದೆಯೇ?

ಫೆಬ್ರವರಿ 27, ಗುರುವಾರ

ರಜೆ ಹಾಕಿದೆ. ತಲೆನೋವು ಅಂತ ಬರೆದೆ.

ಮಾರ್ಚ್ 1, ಶನಿವಾರ

ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿ ನಿಂತ. ಒಳಗೆ ಬಾ ಅಂದರೂ ಬರಲಿಲ್ಲ.

"ಮೇಡಂ ನನ್ನ ಕೇಳಿದ್ರು ಸಾರ್. ಇಲ್ಲಿ ಪೈಪ್ ಹಾಕೋವಾಗ ನೀನಿದ್ಯಾ ಅಂತ."

"ಏನಂದೆ?"

"ಇದ್ದೆ, ನೆನಪಿಲ್ಲ ಅಂದೆ." ತಲೆಯ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ನನಗೇನು ಸಾರ್, ನಾನು ಕೂಲಿಯವನು. ನೀವು ನೆನಪಿಲ್ಲ ಅಂದ್ರೆ ನನಗೂ ನೆನಪಿಲ್ಲ."

ಅವನು ಬೈದಿದ್ದರೆ ಒಳ್ಳೆಯದಿತ್ತು. ಇವನಿಗೆ ಈ ವಿನಯ ಯಾರು ಕಲಿಸಿದರೋ.

ಮಾರ್ಚ್ 3, ಸೋಮವಾರ

ಸಾಹೇಬರು ಟೈಪು ಮಾಡಿಸಿದ ಹೇಳಿಕೆ ಕಳಿಸಿದ್ದಾರೆ. ನಾಳೆ ಸಮಿತಿ ಮುಂದೆ ನಾನು ಸಹಿ ಹಾಕಬೇಕು. "ಸದರಿ ಮೈದಾನದ ಮಣ್ಣು ಸಂಪೂರ್ಣ ಕದಡಿದ್ದು ಇರುತ್ತದೆ." ಸಂಪೂರ್ಣವಂತೆ. ಇದನ್ನು ಬರೆದವನು ನಡುವಿನ ಟ್ರೆಂಚಿನ ಗೋಡೆಯನ್ನು ಒಂದು ಸಲವಾದರೂ ನೋಡಿದ್ದಾನೆಯೇ? ಏಳು ಪದರ ಇವೆ. ನಾಲ್ಕನೆಯದರಲ್ಲಿ ಬೂದಿ ಕೂದಲೆಳೆಯಷ್ಟು ತೆಳು, ಆದರೂ ಎಲ್ಲೂ ತುಂಡಾಗಿಲ್ಲ. ಮೊನ್ನೆ ನಾನೇ ದಾರ ಹಿಡಿದು ಅಳೆದಿದ್ದೇನೆ.

ಸಹಿ ಹಾಕುತ್ತೇನೆ. ಮುಗಿಸಿಬಿಡುತ್ತೇನೆ.

ಮಾರ್ಚ್ 4, ಮಂಗಳವಾರ

ಸಮಿತಿ ಅಂದರೆ ಮೂವರು. ಇಬ್ಬರು ಬಿಸಿಲಿಗೆ ಹೆದರಿ ಕಾರಿನಲ್ಲೇ ಕೂತರು. ಬೆಳ್ಳಿಕೂದಲಿನ ಅಧ್ಯಕ್ಷೆ ಮಾತ್ರ ಕೋಲೂರಿಕೊಂಡು ಟ್ರೆಂಚಿನ ಅಂಚಿಗೆ ಬಂದು ನಿಂತರು. ಕುಂಚದಮ್ಮ ನೆಲ ತೋರಿಸಿ ಏನೇನೋ ಹೇಳಿದಳು. ಹಿಂದಿನ ದಿನ ಊಟ ಮಾಡಿದ ಹಾಗಿರಲಿಲ್ಲ. ಮಾತಿನ ನಡುವೆ ಎರಡು ಸಲ ಪದ ತಪ್ಪಿದಳು. ಇಷ್ಟು ದಿನ ನಮಗೆಲ್ಲ ಪಾಠ ಹೇಳಿದವಳು.

ಆಮೇಲೆ ಸಾಹೇಬರು. ನಕ್ಷೆ ಬಿಚ್ಚಿದರು, ಗೆರೆ ತೋರಿಸಿದರು. "ಮೇಡಂ, ಇದೆಲ್ಲ ಕದಡಿದ ಮಣ್ಣು" ಅನ್ನುತ್ತಾ ಟ್ರೆಂಚಿನೊಳಕ್ಕೆ ಇಳಿದು, ಬೂಟುಗಾಲಿನಲ್ಲಿ ಆ ಗೋಡೆಯನ್ನು ಒದ್ದರು. ಒದ್ದರು! ನಾಲ್ಕನೇ ಪದರ ಮುಷ್ಟಿಯಷ್ಟು ಉದುರಿಬಿತ್ತು.

"ಕದಡಿಲ್ಲ" ಅಂದೆ.

ಯಾರು ಮಾತಾಡಿದ್ದು ಅಂತ ನನಗೇ ಒಂದು ಕ್ಷಣ ತಿಳಿಯಲಿಲ್ಲ. ಸಾಹೇಬರು ತಿರುಗಿದರು. "ಏನಂದ್ರಿ?"

"ಕದಡಿದ ಮಣ್ಣು ಅಲ್ಲಿ ಮೂಲೇಲಿದೆ, ಸಾಹೇಬ್ರೇ. ನೀವು ಒದ್ದಿದ್ದು ಇದ್ದಲ್ಲೇ ಇದ್ದದ್ದು. ಪದ ಗೊತ್ತಿಲ್ಲದಿದ್ರೆ ಬಾಯಿ ಮುಚ್ಕೊಂಡಿರಬೇಕು."

"ನಕ್ಷೇಲಿ ನಿಮ್ಮ ಸಹಿ ಇದೆ!"

"ಸಹಿ ನಂದೇ. ನಕ್ಷೆ ಸುಳ್ಳು."

ಅಧ್ಯಕ್ಷೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. "ಹೇಗೆ ಹೇಳ್ತೀರಿ?"

"ಪೈಪು ಹಾಕಿದವನು ನಾನು ತಾನೇ. ಬೇಲಿ ಪಕ್ಕ ಹೋಗಿದೆ. ಮೂರು ಬಾಗು. ನಡುವಿನದು ಅಲ್ಲಿ, ಆ ಕಂಬದಿಂದ ಎರಡು ಹೆಜ್ಜೆ ಈಚೆ."

ಸಾಹೇಬರು ಅನುಮತಿ ಅಂತ ಏನೋ ಶುರು ಮಾಡಿದರು. ಅಧ್ಯಕ್ಷೆ ಕೈಯೆತ್ತಿ ನಿಲ್ಲಿಸಿ, "ಅಗೀರಿ" ಅಂದರು. ಮೇಸ್ತ್ರಿಗೆ ಯಾರೂ ಹೇಳಬೇಕಾಗಲಿಲ್ಲ. ಆಗಲೇ ಸನಿಕೆ ಹಿಡಿದು ಕಂಬದ ಹತ್ತಿರ ನಿಂತಿದ್ದ, ನೆನಪಿಲ್ಲದ ಮನುಷ್ಯ. ಮುಕ್ಕಾಲು ಗಂಟೆ. ಅಗೆಯುತ್ತಲೇ ಇದ್ದ. ಕಾರಿನಲ್ಲಿದ್ದವರೂ ಇಳಿದು ಬಂದರು. ಬಾಗಿನ ಮೇಲಿನ ಬೋಲ್ಟುಗಳು ಕಂಡಾಗ ಮೇಸ್ತ್ರಿ ಬೆವರು ಒರೆಸಿಕೊಂಡು "ಇಲ್ಲೈತೆ" ಅಂದ, ಅಷ್ಟೆ.

ಅಧ್ಯಕ್ಷೆ ಅಲ್ಲೇ ಬರೆಸಿದರು: ಆರು ತಿಂಗಳು ಉತ್ಖನನ ಮುಂದುವರಿಯಲಿ, ಟ್ಯಾಂಕಿಗೆ ಪಂಪ್‌ಹೌಸ್ ಎದುರಿನ ಜಾಗ ನೋಡಲಿ. ಕೊನೆಗೆ ನನ್ನ ಹೆಸರು, ಹುದ್ದೆ ಕೇಳಿ ಅದನ್ನೂ ಬರೆಸಿದರು. ಅದು ಯಾಕೆ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ಕುಂಚದಮ್ಮ ಏನೋ ಹೇಳಲು ಬಂದಳು. "ನಿಮಗೋಸ್ಕರ ಅಲ್ಲ ಮೇಡಂ, ಆ ಮನುಷ್ಯ ಪದ ತಪ್ಪು ಹೇಳಿದ" ಅಂದೆ. ನಿಜವಾಗಿಯೂ ಅಷ್ಟೇ ಇದ್ದದ್ದು.

ಮನೆಯಲ್ಲಿ ಎಲ್ಲ ಹೇಳಿದೆ. ಇವಳು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬೆನ್ನು ಹಾಕಿಕೊಂಡೇ ಕೇಳಿಸಿಕೊಂಡಳು.

"ನೌಕರಿ ವಿಷಯ ಆಮೇಲಾಯ್ತು" ಅಂದಳು. "ಇಪ್ಪತ್ತೇಳು ವರ್ಷ ನನಗೂ ಹೇಳ್ಲಿಲ್ವಲ್ರೀ. ಜನ ಎಕ್ಸ್‌ರೇ ಅಂದಾಗ ನಾನೂ ಹೆಮ್ಮೆಪಟ್ಟೆ. ನನ್ನ ತಂಗಿ ಮುಂದೆಲ್ಲ ಹೇಳ್ಕೊಂಡು ತಿರುಗಿದೆ."

ಒದ್ದೆ ಪಾತ್ರೆಗಳನ್ನು ಒರೆಸಿಕೊಟ್ಟೆ.

ಮಾರ್ಚ್ 7, ಶುಕ್ರವಾರ

ಅಮಾನತು. ಆದೇಶದಲ್ಲಿ ಹನ್ನೊಂದು ಸಾಲು, ನಾಲ್ಕು ಕಾಗುಣಿತದ ತಪ್ಪು.

ಮಾರ್ಚ್ 11, ಮಂಗಳವಾರ

ಮನೆಯಲ್ಲಿ ಮಾಡಲಿಕ್ಕೆ ಏನೂ ಇಲ್ಲ. ನಲ್ಲಿಗಳಿಗೆಲ್ಲ ಹೊಸ ವಾಷರು ಹಾಕಿದೆ. ಸೋರದ ನಲ್ಲಿಗೂ ಹಾಕಿದೆ. ಹನ್ನೊಂದು ಗಂಟೆಗೆ ಇವಳು ಊಟದ ಡಬ್ಬಿ ತಂದು ಕೈಗಿಟ್ಟಳು.

"ಎಲ್ಲಿಗೆ?"

"ನನಗೇನು ಗೊತ್ತು? ಹೋಗಿ ಯಾರನ್ನಾದ್ರೂ ಬೈದು ಬನ್ನಿ. ಮನೇಲಿ ಸಾಕಾಯ್ತು."

ಮೈದಾನದ ಕಡೆ ಸುಮ್ಮನೆ ಹೋದೆ. ನಾನಿಲ್ಲದ ನಾಲ್ಕು ದಿನದಲ್ಲೇ ದಾರ ಮತ್ತೆ ಓರೆಯಾಗಿತ್ತು. ಹೀಗೆ ಬಿಟ್ಟರೆ ಇವರು ಇತಿಹಾಸವನ್ನೇ ವಾಲಿಸಿಬಿಡುತ್ತಾರೆ.

ಮಾರ್ಚ್ 21, ಶುಕ್ರವಾರ

ನೆಲ ಈಗ ಪೂರ್ತಿ ತೆರೆದಿದೆ. ಅರಮನೆಯಲ್ಲ, ಎಂಥದ್ದೂ ಅಲ್ಲ. ಯಾರೋ ಕೆಲಸದವರ ಶೆಡ್ಡು. ಸಾಲಾಗಿ ನಾಲ್ಕು ತೊಟ್ಟಿ, ಅವುಗಳ ಬುಡದಿಂದ ಹೊರಟು ಎರಡು ಸಲ ತಿರುಗಿ ಹೊರಗೆ ಹೋಗುವ, ಗೇಣಗಲದ ಒಂದು ಕಾಲುವೆ. ಕುಂಚದಮ್ಮನ ಹಾಳೆಯಲ್ಲಿ ಇಣುಕಿದರೆ ಅದರ ಪಕ್ಕ "ಆಚರಣೆಗೆ ಬಳಸಿದ್ದಿರಬಹುದೇ?" ಅಂತ ಬರೆದಿದ್ದಾಳೆ. ಈ ಜನರಿಗೆ ಏನಾದರೂ ಅರ್ಥವಾಗದಿದ್ದರೆ ತಕ್ಷಣ ಅದು ಆಚರಣೆ.

"ಮೇಡಂ, ಇದು ಚರಂಡಿ" ಅಂದೆ.

"ಚರಂಡಿಗೆ ಇಷ್ಟು ನಾಜೂಕಾಗಿ ಯಾಕೆ ಕಟ್ತಾರೆ ಸರ್?"

"ನಾಜೂಕಾಗಿ ಕಟ್ಟದಿದ್ರೆ ಕಟ್ಟಿಕೊಳ್ಳುತ್ತೆ, ಅದಕ್ಕೆ."

ಊಟದ ಹೊತ್ತಿಗೆ ಮನೆಗೆ ಹೋಗಿ ನನ್ನ ಲೆವೆಲ್ ಟ್ಯೂಬು ತಂದೆ. ಇಪ್ಪತ್ತು ಅಡಿಯ ಪಾರದರ್ಶಕ ಕೊಳವೆ, ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಭೂಮಿ ಸುಳ್ಳು ಹೇಳಲು ಆಗುವುದಿಲ್ಲ. ಒಂದು ತುದಿ ಅವಳು ಹಿಡಿದಳು, ಇನ್ನೊಂದು ನಾನು. ಹತ್ತು ಅಡಿಗೆ ಒಂದೂವರೆ ಅಂಗುಲ ಇಳಿಜಾರು. ಮುಂದಿನ ಹತ್ತಕ್ಕೂ ಅಷ್ಟೇ. ತಿರುವು ದಾಟಿದ ಮೇಲೂ ಅಷ್ಟೇ. ಮೂರು ಸಲ ಅಳೆದೆ, ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆಯಾಗಲಿಲ್ಲ.

"ಒಂದು ಚೊಂಬು ನೀರು ಬಿಡಲಾ?"

ಅವಳು ಪೆನ್ಸಿಲು ಕಚ್ಚಿದಳು. ಫೋಟೊ ಆಗಿದೆಯಾ, ಚಿತ್ರ ಆಗಿದೆಯಾ, ಮಣ್ಣಿನ ಮಾದರಿ ತೆಗೆದಾಯಿತಾ ಅಂತ ಎಲ್ಲರನ್ನೂ ಕೇಳಿ, ಕೊನೆಗೆ "ಒಂದೇ ಚೊಂಬು" ಅಂದಳು.

ಮೇಸ್ತ್ರಿ ಮೊದಲ ತೊಟ್ಟಿಯ ಬಾಯಲ್ಲಿ ಮೆಲ್ಲಗೆ ಸುರಿದ. ನೀರು ಒಂದು ಗಳಿಗೆ ಧೂಳು ಕುಡಿಯುತ್ತ ನಿಂತಿತು, ಆಮೇಲೆ ಹೊರಟಿತು. ಮೊದಲ ತಿರುವಿನಲ್ಲಿ ಉಕ್ಕಲಿಲ್ಲ. ಕಟ್ಟಿದವನು ಅಲ್ಲಿ ಒಳಮೂಲೆಯ ಇಟ್ಟಿಗೆಯನ್ನು ಓರೆಯಾಗಿ ಕಡಿದು ಕೂರಿಸಿದ್ದಾನೆ, ನೀರು ಗೋಡೆಗೆ ಬಡಿಯದೆ ಜಾರಿಕೊಂಡು ಹೋಗಲಿ ಅಂತ. ಹೇಳಿಕೊಟ್ಟರೂ ನಮ್ಮವರು ಮಾಡದ ಕೆಲಸ. ಎರಡನೇ ತಿರುವು, ಅಲ್ಲಿಂದ ಹೊರಗೆ. ಕೂಲಿಯವರೆಲ್ಲ ಮಂಡಿಯೂರಿ ನೀರಿನ ಜೊತೆಗೇ ತೆವಳಿಕೊಂಡು ಬಂದರು. ನಾನೂ ಬಂದೆ ಅಂತ ಸಂಜೆ ಮನೆಯಲ್ಲಿ ನನ್ನವಳು ಪ್ಯಾಂಟಿನ ಮಂಡಿ ನೋಡಿ ಕಂಡುಹಿಡಿದಳು.

ಕುಂಚದಮ್ಮ ರಬ್ಬರು ತೆಗೆದುಕೊಂಡು ತಾನು ಬರೆದದ್ದನ್ನು ಅಳಿಸಿ "ಚರಂಡಿ" ಅಂತ ಬರೆದಳು. ಪಕ್ಕದಲ್ಲಿ ಇಳಿಜಾರಿನ ಅಳತೆ. ಅಳೆದವರು ಯಾರು ಅನ್ನುವಲ್ಲಿ ನನ್ನ ಹೆಸರು.

ಕಟ್ಟಿದವನು ಯಾರೋ, ಯಾವ ಕಾಲದವನೋ. ಕೆಲಸ ಬಲ್ಲವನು. ಬಹಳ ಚೆನ್ನಾಗಿ ಮಾಡಿದ್ದಾನೆ.

"ನಾಳೆ ಬರ್ತೀರಾ ಸರ್? ಆಚೆ ಕಡೆ ಎಲ್ಲಿಗೆ ಹೋಗುತ್ತೆ ಅಂತ ನೋಡ್ಬೇಕು."

"ಅಮಾನತಾದವನಿಗೆ ಬೇರೆ ಏನು ಕೆಲಸ" ಅಂದೆ. ಟ್ಯೂಬನ್ನು ಮನೆಗೆ ತರಲಿಲ್ಲ. ನೀರು ಬಸಿದು, ಸುರುಳಿ ಸುತ್ತಿ, ಅವರ ಶೆಡ್ಡಿನ ಮೊಳೆಗೆ ತೂಗುಹಾಕಿ ಬಂದೆ.